ಕರೆಯದೇ ಬರುವ ನೆಂಟರು: ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ತೆರೆದುಕೊಳ್ಳುವ ಪ್ರೋಗ್ರಾಂಗಳು

ಹೋದ ತಿಂಗಳು ಒಂದು ಭಾನುವಾರ ಸಂಜೆ ಬಳಗದ ಗೆಳೆಯರೊಬ್ಬರ ಮನೆಯಲ್ಲಿ ನಾವು ನಾಲ್ಕೈದು ಜನ ಸೇರಿದ್ದೆವು. ಊಟಕ್ಕೆ ಮುಂಚೆ ಒಂದು ಕೆಲಸ ಮುಗಿಸಿಬಿಡ್ತೀನಿ ಅಂತ ಅವರು ಲ್ಯಾಪ್‌ಟಾಪ್ ತೆಗೆದರು. ವರ್ಕ್ ಪರ್ಮಿಟ್ ಮುಗಿಯೋದಕ್ಕೆ ಎರಡೇ ದಿನ ಬಾಕಿ ಇತ್ತು. ಹಳೆಯದು ಮುಗಿಯುವ ಮುನ್ನವೇ ಮುಂದುವರಿಕೆಯ ಅರ್ಜಿ ಮಿಗ್ರೇಷನ್ಸ್‌ವೆರ್ಕೆಟ್‌ಗೆ ಹೋಗಬೇಕು ಅನ್ನೋದು ನಮಗೆಲ್ಲ ಗೊತ್ತೇ ಇದೆ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, ಮೆನುಗಳೆಲ್ಲ ಸ್ವೀಡಿಷ್‌ನಲ್ಲಿ. ಆನ್ ಮಾಡಿದ್ದೇ ತಡ, ಹಾಡಿನ ಆ್ಯಪ್ ಬಂತು, ಎರಡು ಚಾಟ್ ಆ್ಯಪ್ ಬಂದವು, ಹಿಂದಿನ ಮಾಲೀಕ ಹಾಕಿಟ್ಟಿದ್ದ ಯಾವುದೋ ಆಟ ಬಂತು, ಪ್ರಿಂಟರ್ ಇಲ್ಲದ ಮನೆಯಲ್ಲಿ ಪ್ರಿಂಟರ್ ಪ್ರೋಗ್ರಾಂ ಕೂಡ ಬಂತು. ಬ್ರೌಸರ್ ತೆರೆಯೋ ಹೊತ್ತಿಗೆ ಹನ್ನೊಂದು ನಿಮಿಷ ಆಗಿತ್ತು. ಪಾಸ್‌ಪೋರ್ಟ್ ಸ್ಕ್ಯಾನ್ ಹಾಕಲು ಹೋದರೆ ಪರದೆ ಅಲ್ಲೇ ನಿಂತುಬಿಟ್ಟಿತು. ಗೆಳೆಯರ ಮುಖ ನೋಡೋಕಾಗಲಿಲ್ಲ.

ವೈರಸ್ ಇರಬೇಕು, ಹೊಸದೇ ತಗೋಬೇಕು ಅಂತ ಒಬ್ಬೊಬ್ಬರು ಒಂದೊಂದು ಅಂದರು. ಎರಡೂ ಅಲ್ಲ. ಎಷ್ಟೋ ಪ್ರೋಗ್ರಾಂಗಳು ಇನ್‌ಸ್ಟಾಲ್ ಆಗುವಾಗಲೇ 'ಕಂಪ್ಯೂಟರ್ ಏಳುವಾಗ ನನ್ನನ್ನೂ ಎಬ್ಬಿಸು' ಅಂತ ಒಂದು ಪಟ್ಟಿಯಲ್ಲಿ ಹೆಸರು ಬರೆಸಿಕೊಂಡಿರುತ್ತವೆ. ನಾವು ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತುತ್ತಾ ಹೋಗಿರ್ತೀವಿ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಕಷ್ಟ ಇನ್ನೂ ಹೆಚ್ಚು. ಅದರ ಓದುವ ಮುಳ್ಳು ಒಂದೇ ಸಲ ಹತ್ತು ಕಡೆ ಓಡಾಡಬೇಕು, ಹಾಗಾಗಿ ಯಾರ ಕೆಲಸವೂ ಬೇಗ ಮುಗಿಯೋದಿಲ್ಲ. ಎಸ್‌ಎಸ್‌ಡಿ ಇದ್ದರೆ ಅಷ್ಟು ಗೊತ್ತಾಗಲ್ಲ, ಆದರೆ ಮೆಮೊರಿಯನ್ನು ಅಲ್ಲೂ ತಿನ್ನುತ್ತವೆ.

ನಾವು ಆವತ್ತು ಮಾಡಿದ್ದು ಇಷ್ಟೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದೆವು. ಟಾಸ್ಕ್ ಮ್ಯಾನೇಜರ್ ತೆರೆಯಿತು. ಸ್ವೀಡಿಷ್‌ನಲ್ಲಿ ಅದಕ್ಕೆ 'ಆಕ್ಟಿವಿಟೇಟ್ಸ್‌ಹಂತೇರಾರೆನ್' ಅನ್ನೋ ಉದ್ದದ ಹೆಸರು, ಹೆದರಬೇಡಿ. ವಿಂಡೋಸ್ 10 ಆದರೆ ಮೇಲ್ಗಡೆ ಸ್ಟಾರ್ಟಪ್ ಅನ್ನೋ ಟ್ಯಾಬ್ ಇರುತ್ತದೆ, ಸ್ವೀಡಿಷ್‌ನಲ್ಲಿ ಆಟೋಸ್ಟಾರ್ಟ್. ಟ್ಯಾಬ್‌ಗಳೇ ಕಾಣದಿದ್ದರೆ ಕೆಳಗಿನ ಮೂಲೆಯಲ್ಲಿ 'ಮೋರ್ ಡೀಟೇಲ್ಸ್' ಒತ್ತಿ. ವಿಂಡೋಸ್ 11ರಲ್ಲಿ ಎಡಗಡೆ ಸಾಲಿನಲ್ಲಿ 'ಸ್ಟಾರ್ಟಪ್ ಆ್ಯಪ್ಸ್' ಇದೆ. ಅಲ್ಲಿ ಪೂರ್ತಿ ಪಟ್ಟಿ ಸಿಗುತ್ತದೆ, ಯಾವುದು ಎಷ್ಟು ತಡ ಮಾಡುತ್ತದೆ ಅನ್ನೋದಕ್ಕೆ 'ಹೈ', 'ಲೋ' ಅಂತ ಗುರುತೂ ಇರುತ್ತದೆ. ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸೇಬಲ್' ಒತ್ತಿ, ಸ್ವೀಡಿಷ್‌ನಲ್ಲಿ 'ಇನಾಕ್ಟಿವೇರಾ'. ಇದರಿಂದ ಪ್ರೋಗ್ರಾಂ ಅಳಿಸಿಹೋಗಲ್ಲ. ಬೇಕಾದಾಗ ನೀವೇ ತೆರೆದರೆ ಬರುತ್ತದೆ, ತಾನಾಗಿ ಬರೋದು ಮಾತ್ರ ನಿಲ್ಲುತ್ತದೆ. ಮನಸ್ಸು ಬದಲಾದರೆ ಅದೇ ಜಾಗದಲ್ಲಿ 'ಎನೇಬಲ್' ಮಾಡಬಹುದು.

ಗೆಳೆಯರ ಪಟ್ಟಿಯಲ್ಲಿ ಸ್ಕೈಪ್ ಕೂಡ ಇತ್ತು! ಒಂದು ಕಾಲಕ್ಕೆ ಊರಿನವರ ಮುಖ ನೋಡೋಕೆ ನಮಗಿದ್ದದ್ದು ಅದೊಂದೇ. 2025ರ ಮೇನಲ್ಲಿ ಮೈಕ್ರೋಸಾಫ್ಟ್ ಅದನ್ನು ಮುಚ್ಚಿತು. ಬಾಗಿಲು ಹಾಕಿದ ಅಂಗಡಿಗೆ ದಿನಾ ಬೆಳಿಗ್ಗೆ ದೀಪ ಹಚ್ಚುತ್ತಿದ್ದ ಹಾಗಾಯ್ತು.

ಎಲ್ಲವನ್ನೂ ಕಣ್ಣುಮುಚ್ಚಿ ಆಫ್ ಮಾಡ್ಬೇಡಿ ಮತ್ತೆ. ವಿಂಡೋಸ್ ಸೆಕ್ಯೂರಿಟಿ ಅಥವಾ ನೀವು ಹಾಕಿಕೊಂಡ ಆ್ಯಂಟಿವೈರಸ್ ಹಾಗೇ ಇರಲಿ. ಸೌಂಡ್, ಟಚ್‌ಪ್ಯಾಡ್‌ಗೆ ಸಂಬಂಧಿಸಿದ ಹೆಸರು ಕಂಡರೆ ಬಿಟ್ಟುಬಿಡಿ. ಫೋಟೋ, ಕಾಗದಪತ್ರಗಳನ್ನು ಒನ್‌ಡ್ರೈವ್‌ನಲ್ಲಿ ಇಡುವವರು ಅದನ್ನು ನಿಲ್ಲಿಸಿದರೆ, ನೀವೇ ತೆರೆಯುವ ತನಕ ಹೊಸ ಫೈಲ್‌ಗಳು ಮೇಲೆ ಹೋಗುವುದಿಲ್ಲ. ನಮ್ಮಲ್ಲೊಬ್ಬರು ಉತ್ಸಾಹದಲ್ಲಿ 'ನುಡಿ'ಯನ್ನೂ ಆಫ್ ಮಾಡಿ, ಮಾರನೇ ದಿನ ಕನ್ನಡ ಯಾಕೆ ಟೈಪ್ ಆಗ್ತಿಲ್ಲ ಅಂತ ಫೋನ್ ಮಾಡಿದ್ದರು. ಏನು ಅಂತ ಗೊತ್ತಿಲ್ಲದ ಹೆಸರಿದ್ದರೆ ಬರೆದಿಟ್ಟುಕೊಂಡು ಯಾರನ್ನಾದರೂ ಕೇಳಿ, ಅವಸರ ಏನೂ ಇಲ್ಲ.

ಕೆಲವು ಆ್ಯಪ್‌ಗಳ ಒಳಗೇ ಇದಕ್ಕೆ ಸ್ವಿಚ್ ಇರುತ್ತದೆ. ನಮ್ಮ ಸ್ಟಾಕ್‌ಹೋಮ್‌ನಲ್ಲೇ 2006ರಲ್ಲಿ ಹುಟ್ಟಿದ ಸ್ಪಾಟಿಫೈನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಕೆಳಗೆ ಇಳಿದರೆ, ಲಾಗಿನ್ ಆದ ಮೇಲೆ ತಾನಾಗಿ ತೆರೆಯಬೇಕೇ ಅನ್ನೋ ಆಯ್ಕೆ ಸಿಗುತ್ತದೆ. ಅಲ್ಲಿ 'ನೋ' ಕೊಡಿ. ಇಷ್ಟಾದರೂ ನಿನ್ನೆ ತೆರೆದಿದ್ದ ಕಿಟಕಿಗಳು ಇವತ್ತೂ ಬರ್ತಿದ್ದರೆ, ವಿಂಡೋಸ್ ಸೆಟ್ಟಿಂಗ್ಸ್‌ನ ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್‌ನಲ್ಲಿ ಆ್ಯಪ್‌ಗಳನ್ನು ಉಳಿಸಿಟ್ಟು ಮತ್ತೆ ತೆರೆಯುವ ಸ್ವಿಚ್ ಇದೆ, ಅದನ್ನೂ ಆಫ್ ಮಾಡಿ. ಮ್ಯಾಕ್ ಇರುವವರಿಗೆ ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಲಾಗಿನ್ ಐಟಮ್ಸ್.

ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕೈ ಆಡಿಸಬೇಡಿ, ಐಟಿಯವರಿಗೆ ಹೇಳಿ. ಸ್ವಂತದ್ದರಲ್ಲಿ ಇನ್ನೊಂದು ವಿಷಯ ಗಮನಿಸಿ. ಒಂದೇ ಲ್ಯಾಪ್‌ಟಾಪನ್ನು ಒಂದೇ ಲಾಗಿನ್‌ನಲ್ಲಿ ಮೂವರು ಹಂಚಿಕೊಳ್ಳುವ ಮನೆಗಳು ನಮ್ಮಲ್ಲಿ ಬಹಳ. ಒಬ್ಬರ ಚಾಟ್ ತಾನಾಗಿ ತೆರೆದುಕೊಂಡರೆ ಅವರ ಮನೆಯ ಸುದ್ದಿ, ಸಾಲದ ಮಾತು ಎಲ್ಲ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಚಾಟ್ ಆ್ಯಪ್ ನಿಲ್ಲಿಸೋದಕ್ಕೆ ನಮಗಂತೂ ವೇಗಕ್ಕಿಂತ ಇದೇ ದೊಡ್ಡ ಕಾರಣ. ಆದರೆ ಅಷ್ಟಕ್ಕೇ ಬಿಡಬೇಡಿ, ಕೆಲಸ ಮುಗಿದ ಮೇಲೆ ಲಾಗ್ ಔಟ್ ಕೂಡ ಮಾಡಿ.

ಆವತ್ತು ಒಂಬತ್ತು ಹೆಸರು ಆಫ್ ಮಾಡಿ ರೀಸ್ಟಾರ್ಟ್ ಮಾಡಿದೆವು. ಮೂರು ನಿಮಿಷದೊಳಗೆ ಬ್ರೌಸರ್ ತೆರೆಯಿತು. ಸ್ಕ್ಯಾನ್‌ಗಳು ಒಂದೊಂದಾಗಿ ಹೋದವು, ಶುಲ್ಕ ಕಟ್ಟಿದ್ದಾಯ್ತು, ಅರ್ಜಿ ತಲುಪಿದೆ ಅನ್ನೋ ಸಂದೇಶ ಬಂದಾಗ ರಾತ್ರಿ ಹತ್ತೂವರೆ. ಸಾರು ಆರಿಹೋಗಿತ್ತು, ಮತ್ತೆ ಬಿಸಿ ಮಾಡಿಕೊಂಡು ಊಟಕ್ಕೆ ಕೂತೆವು.