ಚರಗ ಉಂಡವರು

ವಿಜಯಪುರ ಜಿಲ್ಲೆಯ ಡೋಣಿ ದಂಡೆಯ ಎರೆಹೊಲಗಳಲ್ಲಿ ಎಳ್ಳಮಾವಾಸ್ಯೆಯ ಹೊತ್ತಿಗೆ ಬಿಳಿಜೋಳ ಹೊಡೆ ಹಾಯ್ದಿರುತ್ತದೆ. ಹೆಚ್ಚಿನ ಹೊಲಗಳಲ್ಲಿ ಎಂ 35-1 ಎಂಬ ಹಳೆಯ ತಳಿ. ಊರವರ ಬಾಯಲ್ಲಿ ಅದು ಮಾಲದಂಡಿ. ಕೆಲವು ದಂಟುಗಳಲ್ಲಿ ತೆನೆ ಅರ್ಧ ಹೊರಬಂದು, ತಿಳಿಹಸಿರು ಮೈಯಲ್ಲಿ ಇಬ್ಬನಿ ಹೊತ್ತು ನಿಂತಿರುತ್ತದೆ. ಪಕ್ಕದ ಪಟ್ಟಿಯಲ್ಲಿ ಕಡಲೆ, ನಸುನೇರಳೆ ಹೂ. ಎಲೆ ಸವರಿದ ಬೆರಳನ್ನು ನಾಲಗೆಗೆ ತಾಗಿಸಿದರೆ ಚುರುಕು ಹುಳಿ. ಬದುವಿನುದ್ದಕ್ಕೂ ಕುಸುಬೆಯ ಮುಳ್ಳುಸಾಲು. ನೆಲದಲ್ಲಿ ಆಗಲೇ ಬೆರಳು ತೂರುವಷ್ಟು ಬಿರುಕು.

ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬರುತ್ತಾರೆ. ಬನ್ನಿಯ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅನ್ನ, ಬದನೆಕಾಯಿ ಎಣ್ಣೆಗಾಯಿ, ಎಲ್ಲದರ ಚೂರನ್ನೂ ಒಂದೇ ಬುಟ್ಟಿಯಲ್ಲಿ ಕಲಸುತ್ತಾರೆ. ಒಬ್ಬರು ಹುಲ್ಲುಲ್ಲಿಗೋ ಎಂದು ಕೂಗಿ ಬೆಳೆಯೊಳಗೆ ಬೀರುತ್ತ ಮುಂದೆ. ಇನ್ನೊಬ್ಬರು ಕೂಗಿಗೆ ಓಗೊಟ್ಟು ನೀರು ಚಿಮುಕಿಸುತ್ತ ಹಿಂದೆ. ಇದು ಚರಗ ಚೆಲ್ಲುವುದು.

ಈ ಸೀಮೆಯಲ್ಲಿ ಕೊಡುವುದಕ್ಕೆ ಮಾತುಗಳಿಗೇನೂ ಬರವಿಲ್ಲ. ಜೋಳಿಗೆಗೆ ಬೀಳುವುದು ಭಿಕ್ಷೆ. ಮಠದ ಪಂಕ್ತಿಯಲ್ಲಿ ನೀಡುವುದು ದಾಸೋಹ. ರಾಶಿಯ ದಿನ ಕಣದಲ್ಲಿ ಬಡಿಗ ಕಮ್ಮಾರರಿಗೆ ಅಳೆದು ಕೊಡುತ್ತಿದ್ದದ್ದು ಆಯ. ಅದು ದುಡಿಮೆಯ ಪಾಲು, ಯಾರ ಉಪಕಾರವೂ ಅಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೈಯೊಡ್ಡಿದವರು ಕೇಳುವುದು ಧರ್ಮ. ದಾನ ಅಂದರಂತೂ ಪಾತ್ರರೋ ಅಪಾತ್ರರೋ ಎಂಬ ವಿಚಾರಣೆ ಬೆನ್ನಿಗೇ ಬರುತ್ತದೆ. ಇವೆಲ್ಲದರಲ್ಲೂ ಇಸಿದುಕೊಳ್ಳುವವರ ಮುಖ ಕಾಣುತ್ತದೆ. ಚರಗದಲ್ಲಿ ಕಾಣುವುದಿಲ್ಲ. ಆ ಮುಖಗಳನ್ನು ನೋಡುವ ಆಸೆಯಿಂದ, ಉಳಿದವರು ಬನ್ನಿಯ ನೆರಳಲ್ಲಿ ಉಣ್ಣಲು ಕೂತಾಗ ನಾನು ಕಡಲೆಯ ಸಾಲಿನ ಪಕ್ಕ ಕೂತೆ.

ಮೊದಲು ಬಂದದ್ದು ಒಂದು ಕೆಂಪಿರುವೆ. ಹೋಳಿಗೆಯ ಚೂರನ್ನು ಮೀಸೆಯಿಂದ ತಟ್ಟಿತು, ಒಂದು ಸುತ್ತು ಬಂದಿತು, ಹೊಟ್ಟೆಯ ತುದಿಯನ್ನು ನೆಲಕ್ಕೆ ತಾಗಿಸುತ್ತ ಹಿಂತಿರುಗಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅದು ಹೋದ ದಾರಿಯಲ್ಲೇ ಒಂದು ಎಳೆ ಸಾಲು ಹರಿದುಬಂತು. ನಡುನಡುವೆ ದಪ್ಪ ತಲೆಯ ಕೆಲವು. ಕಣಕದ ಗಟ್ಟಿ ಅಂಚು ಕಡಿಯುವ ಕೆಲಸ ಅವುಗಳದು. ಸಣ್ಣವು ರೊಟ್ಟಿಯ ಮೇಲಿನ ಎಳ್ಳನ್ನು ಒಂದೊಂದಾಗಿ ಕಿತ್ತು ಹೊತ್ತವು. ಬೆಲ್ಲದ ತುಣುಕೊಂದಕ್ಕೆ ಎಂಟು ದಿಕ್ಕಿನಿಂದ ಹಿಡಿತ; ತೇರಿನ ಹಾಗೆ ಅದು ಒಮ್ಮೆ ವಾಲಿ, ಒಮ್ಮೆ ನಿಂತು, ಒಂದು ಹೆಂಟೆಯನ್ನು ಬಳಸಿ ಬಿಲದ ಕಡೆ ಸಾಗಿತು. ಬಿರುಕಿಗೆ ಬಿದ್ದ ಅನ್ನದ ಅಗುಳು ಯಾರಿಗೆ ಸೇರಿತೋ ಕಾಣಲಿಲ್ಲ. ಕತ್ತಲಲ್ಲಿ ಎರಡು ಉದ್ದ ಮೀಸೆ ಅಲುಗಿದ್ದಷ್ಟೇ ಕಂಡದ್ದು.

ಕಾಗೆ ಬದುವಿನ ಮೇಲಿಂದ ಓರೆಗಣ್ಣಲ್ಲಿ ಎಲ್ಲವನ್ನೂ ನೋಡುತ್ತಿತ್ತು. ಬೂದಿಗತ್ತು ಚಾಚಿ, ಎರಡು ಹೆಜ್ಜೆ ನಡೆದು, ಮೂರನೆಯದಕ್ಕೆ ಅಡ್ಡಡ್ಡ ಕುಪ್ಪಳಿಸಿ, ಕಡುಬಿನ ತುಂಡೆತ್ತಿತು. ತಿನ್ನಲಿಲ್ಲ. ಒಂದು ಹೆಂಟೆಯ ಮಗ್ಗುಲಿಗೆ ತುರುಕಿ, ಒಣಗಿದ ರವದಿ ಎಳೆದು ಮುಚ್ಚಿ, ಸುತ್ತ ನೋಡಿ ಹಾರಿತು.

ಗೊರವಂಕಗಳು ಜೋಡಿಯಾಗಿ ಬಂದವು. ಕಾಫಿಗಂದು ಮೈ, ಕರಿತಲೆ, ಕಣ್ಣಂಚಿನಲ್ಲಿ ಅರಿಶಿನದ ಪಟ್ಟಿ. ಅವುಗಳದು ಹೆಜ್ಜೆಯ ನಡಿಗೆ; ಪ್ರತಿ ಹೆಜ್ಜೆಗೂ ತಲೆ ತುಸು ಮುಂದಕ್ಕೆ. ಅನ್ನ ಮುಗಿದ ಮೇಲೆ ಹೋಗಲಿಲ್ಲ, ಕಡಲೆಯ ಒಳಗೆ ನುಗ್ಗಿದವು. ಒಂದು ಹಸಿರು ಹುಳು ಕೊಕ್ಕಿನಲ್ಲಿ ತಿರುಚಿಕೊಂಡಿತು. ನೆಲಕ್ಕೆ ಬಡಿದು, ಮತ್ತೆ ಬಡಿದು, ನುಂಗಿತು. ಅವುಗಳ ಕಾಲಿಗೆ ಎದ್ದ ಮಿಡತೆಗಳನ್ನು ಕಾಜಾಣ ಗಾಳಿಯಲ್ಲೇ ಹಿಡಿದು, ಬನ್ನಿಯ ಅದೇ ಒಣರೆಂಬೆಗೆ ಮರಳುತ್ತಿತ್ತು.

ಹಕ್ಕಿಗಳನ್ನು ಕರೆದು ಕಾಯಿಕೊರಕ ಹುಳುವನ್ನು ತಿನ್ನಿಸುವ ಉಪಾಯವೇ ಚರಗ ಎಂದು ಕೆಲವರು ಬರೆಯುತ್ತಾರೆ. ಕಡಲೆ ಹೊಲಕ್ಕೆ ಚುರುಮುರಿ ಎರಚಿ ಹಕ್ಕಿ ಕರೆಯಿರಿ ಎಂದು ಕೃಷಿ ಇಲಾಖೆಯವರೂ ಹೇಳುವುದುಂಟು, ತಪ್ಪೇನಿಲ್ಲ. ಆದರೂ ಆ ವಿವರಣೆ ನನಗೆ ಅವಸರದ್ದೆನಿಸುತ್ತದೆ. ಹುಳು ತಿಂದವು ಎರಡೇ ಗೊರವಂಕ. ಉಳಿದ ಅತಿಥಿಗಳಲ್ಲಿ ಕಾಳು ಕದಿಯುವವರೇ ಹೆಚ್ಚು.

ಬಿಸಿಲು ಇಳಿದ ಮೇಲೆ ಬದುವಿನ ಬಿಲದಿಂದ ಹೊಲದಿಲಿ ಮೂತಿ ಹಾಕಿತು. ಮೂಗಿನ ಪಕ್ಕದ ಕೂದಲು ಬಿಡದೆ ನಡುಗುತ್ತಿತ್ತು. ನೆಲಕ್ಕೆ ಹೊಟ್ಟೆ ತಾಗುವಂತೆ ಓಡಿ ಬಂದು, ರೊಟ್ಟಿಯ ಚೂರನ್ನು ಮುಂಗಾಲಲ್ಲಿ ಹಿಡಿದು, ಅಂಚಿನಿಂದ ಸುತ್ತ ಸುತ್ತ ಕಡಿಯಿತು. ಇನ್ನೊಂದು ಬಂತು. ಕೊನೆಯ ಬೆಳಕಿನಲ್ಲಿ ಕುಸುಬೆಯ ಆಚೆ ಒಂದು ಸಣ್ಣ ನರಿ: ಬೂದು ಬೆರೆತ ಕಂದು, ಬಾಲದ ತುದಿಗೆ ಕಪ್ಪು. ಚೆಲ್ಲಿದ ಅನ್ನವನ್ನು ಮೂಸಿ ಬಿಟ್ಟುಬಿಟ್ಟಿತು. ಎರಡೂ ಕಿವಿಯನ್ನು ಬಿಲದ ಕಡೆ ತಿರುಗಿಸಿ, ಒಂದು ಮುಂಗಾಲು ಎತ್ತಿ, ಕಲ್ಲಾಗಿ ನಿಂತಿತು. ನೆಗೆಯಿತು. ಬರಿಬಾಯಿ. ಮತ್ತೆ ನಿಂತಿತು.

ಬಂಡಿ ಕಟ್ಟಲು ಬಂದ ಹೊಲದ ಕಾಕಾ ನನ್ನ ಪಕ್ಕ ಕೂತು ನೋಡಿದರು.

“ಇಲಿಗೂ ಹೋಗತೈತಲ್ರೀ ಕಾಕಾ, ನಿಮ್ಮ ಚರಗ?”

“ಹೋಗಲಿ ಬಿಡ್ರಿ ಸರ. ಅದೂ ಇದ ಹೊಲದಾಗಿಂದು. ಇವತ್ತ ಯಾರನ್ನೂ ಕೇಳಂಗಿಲ್ಲ.” ತಡೆದು, ನಕ್ಕರು. “ನಾಳೆ ಬೋನ ಇಡತೀನಿ.”

ಮರುದಿನ ಬೆಳಿಗ್ಗೆ ಬೋನು ಹಿಡಿದೇ ಬಂದರು. ಒಳಗೆ ಕೊಕ್ಕೆಗೆ ಸಿಕ್ಕಿಸಿದ್ದು ನಿನ್ನೆಯ ಸಜ್ಜೆ ರೊಟ್ಟಿ.