ಸೂಕ್ಷ್ಮಾಣು ಗೊಬ್ಬರವೂ ಬಡ ರೈತನ ಹೊಲವೂ

ಅಂಬಾಜಿದುರ್ಗ ಹೋಬಳಿಯ ರೈತನಿಗೆ ಮುಂಗಾರು ಸಮೀಪಿಸಿತೆಂದರೆ ಬೀಜದ ಚಿಂತೆ, ಮಳೆಯ ಚಿಂತೆಗಳೊಡನೆ ಈಚೆಗೆ ಇನ್ನೊಂದು ಚಿಂತೆಯೂ ಕೂಡಿಕೊಂಡಿದೆ. ಚಿಂತಾಮಣಿಯ ಗೊಬ್ಬರದಂಗಡಿಗಳಲ್ಲಿ ಯೂರಿಯಾ ಮೂಟೆಗಳ ಪಕ್ಕದಲ್ಲಿಯೇ ಸೂಕ್ಷ್ಮಾಣುಜೀವಿಗಳ ಪೊಟ್ಟಣಗಳೂ ಸೀಸೆಗಳೂ ಕುಳಿತಿವೆ. ಇವನ್ನು ಹಾಕಿದರೆ ಸತ್ತ ನೆಲವು ಬದುಕುವುದೆಂದು ಮಾರುವವರು ಹೇಳುತ್ತಾರೆ. ಅದೆಲ್ಲ ದಂಡ, ಮನೆಯ ಜೀವಾಮೃತವೇ ಸಾಕೆಂದು ಮತ್ತೊಂದು ಪಕ್ಷದವರು ಹೇಳುತ್ತಾರೆ. ಎರಡು ಎಕರೆ ಕೆಂಪು ನೆಲವನ್ನು ನಂಬಿದ ಒಕ್ಕಲಿಗನು ಯಾರ ಮಾತನ್ನು ಕೇಳಬೇಕು?

ಈ ಶಾಸ್ತ್ರವೇ ಸುಳ್ಳೆಂದು ನಾವು ಹೇಳುವವರಲ್ಲ. ನೆಲಗಡಲೆ, ತೊಗರಿ, ಅವರೆಗಳ ಬೇರನ್ನು ಕಿತ್ತು ನೋಡಿದರೆ ಕಾಣುವ ಗಂಟುಗಳಲ್ಲಿ ವಾಯುವಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವ ಜೀವಿಗಳಿರುವುದು ನಿಜ. ಹಾಲೆಂಡಿನ ಬೈಯರಿಂಕ್ ಎಂಬ ವಿದ್ವಾಂಸನು 1888ರಲ್ಲಿಯೇ ಅವನ್ನು ಬೇರ್ಪಡಿಸಿ ಬೆಳೆಸಿದನು. ಬೇರಿನೊಡನೆ ಬಾಳಿ ರಂಜಕವನ್ನು ಒದಗಿಸುವ ಶಿಲೀಂಧ್ರಗಳ ವಿಷಯದಲ್ಲಿ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಿ. ಜೆ. ಭಾಗ್ಯರಾಜ್ ಅವರು ದೀರ್ಘಕಾಲ ಸಂಶೋಧನೆ ನಡೆಸಿದವರು. ಆದರೆ ಗಾಜಿನ ಬಟ್ಟಲಿನಲ್ಲಿ ನಿಜವಾದದ್ದು ಕೈವಾರದ ದಾರಿಯ ಬೆದ್ದಲಿನಲ್ಲಿಯೂ ನಿಜವಾಗಲೇಬೇಕೆಂಬ ನಿಯಮವಿಲ್ಲ.

ಯಾತಕ್ಕೆಂದರೆ ಈ ಗೊಬ್ಬರವು ಜೀವವುಳ್ಳ ಸರಕು. ಕೇಂದ್ರ ಸರ್ಕಾರದವರು ಇವನ್ನು 2006ರಲ್ಲಿ ರಸಗೊಬ್ಬರ ನಿಯಂತ್ರಣಾಜ್ಞೆಗೆ ಒಳಪಡಿಸಿ, ರೈಜೋಬಿಯಂ ಪುಡಿಯ ಒಂದು ಗ್ರಾಮಿನಲ್ಲಿ ಕಡೆಯ ಪಕ್ಷ 5 ಕೋಟಿ ಜೀವಕಣಗಳಿರತಕ್ಕದ್ದೆಂದು ವಿಧಿಸಿದರು. ವಿಧಿಯೇನೋ ಸರಿಯೇ. ಆದರೆ ಬೇಸಗೆಯ ತಗಡಿನ ಮಾಡಿನಡಿಯಲ್ಲಿ ತಿಂಗಳುಗಟ್ಟಲೆ ಬೆಂದ ಪೊಟ್ಟಣದಲ್ಲಿ ಬಿತ್ತನೆಯ ದಿನ ಎಷ್ಟು ಉಳಿದಿವೆಯೆಂದು ರೈತನು ಕಣ್ಣಿನಿಂದ ಎಣಿಸಬಲ್ಲನೆ? ಸತ್ತ ಪುಡಿಗೂ ಬದುಕಿದ ಪುಡಿಗೂ ಬಣ್ಣ ಒಂದೇ, ಬೆಲೆಯೂ ಒಂದೇ. ಬದುಕಿ ಬಂದರೂ ನೆಲದಲ್ಲಿ ಮೊದಲಿನಿಂದ ನೆಲಸಿರುವ ಜೀವಿಗಳೊಡನೆ ಹೋರಾಡಬೇಕು. ತೇವವಿಲ್ಲದೆ ಕಾದ ಮಣ್ಣಿನಲ್ಲಿ ಉಳಿಯಬೇಕು.

ಹೀಗಿರುವಲ್ಲಿ ಪರೀಕ್ಷೆಯೊಂದೇ ಉಪಾಯ. ಈಗ ಹೊಲಗಳಲ್ಲಿ ನಡೆಯುವುದು ಬಹುಮಟ್ಟಿಗೆ ಪ್ರಾತ್ಯಕ್ಷಿಕೆ. ಪ್ರಾತ್ಯಕ್ಷಿಕೆಯಲ್ಲಿ ತೀರ್ಪು ಮೊದಲೇ ಆಗಿರುತ್ತದೆ, ಪರೀಕ್ಷೆಯಲ್ಲಿ ಕೊನೆಗೆ ಆಗುತ್ತದೆ. ಇಡೀ ಹೊಲಕ್ಕೆ ಪುಡಿ ಹಾಕಿ, ಆ ವರ್ಷ ಹದಮಳೆ ಬಂದು, ರಾಗಿ ತೆನೆ ತುಂಬಿದರೆ ಕೀರ್ತಿಯು ಪುಡಿಗೋ ಮಳೆಗೋ? ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕ್ಷೇತ್ರದಲ್ಲಿ 1919ರಿಂದ ಕೆಲಸಮಾಡಿದ ಫಿಷರ್ ಎಂಬ ಗಣಿತಜ್ಞನು ಈ ತೊಡಕನ್ನು ಬಿಡಿಸುವ ದಾರಿಯನ್ನು ತೋರಿಸಿದನು: ಹೊಲವನ್ನು ಪಟ್ಟಿಪಟ್ಟಿಯಾಗಿ ಭಾಗಿಸಿ, ಯಾವ ಪಟ್ಟಿಗೆ ಹಾಕಬೇಕು, ಯಾವುದಕ್ಕೆ ಬಿಡಬೇಕೆಂಬುದನ್ನು ಚೀಟಿಯೆತ್ತಿ ಗೊತ್ತುಮಾಡಿ, ಅದನ್ನೇ ಹಲವು ಸಲ ಪುನರಾವರ್ತಿಸಬೇಕು. ಇಲ್ಲವಾದರೆ ಹಟ್ಟಿಯ ಹತ್ತಿರದ ಫಲವತ್ತಾದ ತುಂಡಿಗೆ ಗೊಬ್ಬರ, ಕಲ್ಲುಭೂಮಿಗೆ ಬರಿಗೈ ಎಂಬಂತಾಗುವುದು.

ಇನ್ನೊಂದು ಸೂಕ್ಷ್ಮವುಂಟು. ಜೀವಾಮೃತಕ್ಕೆ ಎಕರೆಗೆ 200 ಲೀಟರು ನೀರು, 10 ಕಿಲೋ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಎಂಬುದು ರೂಢಿಯಲ್ಲಿರುವ ಲೆಕ್ಕ. ಇದನ್ನು ಬರಿಯ ಪಟ್ಟಿಯೊಡನೆ ಹೋಲಿಸಿ ಗೆಲವನ್ನೆಲ್ಲ ಜೀವಿಗಳ ಪಾಲಿಗೆ ಬರೆಯುವುದು ನ್ಯಾಯವಲ್ಲ; ಅಷ್ಟೇ ಸಾಮಗ್ರಿಯನ್ನು ಕೊಳೆಯಿಸದೆ ಹಾಕಿದ ಪಟ್ಟಿಯೂ ಪಕ್ಕದಲ್ಲಿರಬೇಕು. ಪೊಟ್ಟಣದ ಪುಡಿಗಾದರೆ ಅದೇ ಪುಡಿಯನ್ನು ಬೇಯಿಸಿ, ಜೀವ ಕಳೆದು ಹಾಕಿದ ಪಟ್ಟಿ ಬೇಕು. ಆಗ ಮಾತ್ರ ಜೀವದ ಬೆಲೆ ತಿಳಿದೀತು. ನೆರೆಯ ಶಿಡ್ಲಘಟ್ಟದ ಕಡೆಯ ಹಿಪ್ಪುನೇರಳೆಗಾರನಿಗೆ ಈ ವಿವೇಕವು ಹೊಸತಲ್ಲ: ಸೊಪ್ಪಿನ ಹಸುರನ್ನು ಕಂಡು ಅವನು ಮರುಳಾಗುವುದಿಲ್ಲ, ಗೂಡಿನ ತೂಕವನ್ನು ಕೇಳುತ್ತಾನೆ.

ಆದರೆ ಪರೀಕ್ಷೆಯ ನಷ್ಟವನ್ನು ಹೊರುವವರಾರು? ಬೆಂಗಳೂರಿನ ವಿಶ್ವವಿದ್ಯಾನಿಲಯದ ಭೂಮಿಯಲ್ಲಿ 1986ರಿಂದ ರಾಗಿ ಮತ್ತು ಮುಸುಕಿನ ಜೋಳದ ದೀರ್ಘಕಾಲದ ಗೊಬ್ಬರ ಪ್ರಯೋಗವು ನಡೆದು ಬಂದಿದೆ. ಅಲ್ಲಿ ಒಂದು ಪಟ್ಟಿ ಸೊರಗಿದರೆ ಯಾರ ಒಲೆಯೂ ಆರುವುದಿಲ್ಲ. ಸಾವಿರ ಅಡಿ ಮೀರಿ ಕೊರೆದರೂ ಕೊಳವೆಬಾವಿ ಒಣಗುವ ಈ ಸೀಮೆಯಲ್ಲಿ, 80 ಗುಂಟೆಯ ಒಡೆಯನಿಗೆ ಐದು ಗುಂಟೆಯನ್ನು ಬರಿದೆ ಬಿಡುವುದೆಂದರೆ ಮನೆಮಂದಿಯ ಕೂಳನ್ನು ಪಣಕ್ಕಿಟ್ಟಂತೆ. ಶಾಸ್ತ್ರಕ್ಕೆ ಉಪಕಾರಮಾಡುವ ಹೊಣೆಯು ಅವನೊಬ್ಬನದೇ ಏಕಾಗಬೇಕು?

ಆದುದರಿಂದ ಸರ್ಕಾರದವರಲ್ಲಿ ನಮ್ಮ ಬಿನ್ನಹವಿಷ್ಟು. ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ರೇಷ್ಮೆ ಕೃಷಿ ಮಹಾವಿದ್ಯಾಲಯವಿದೆ, ಪರಿಣತರಿಗೆ ಕೊರತೆಯಿಲ್ಲ. ಅವರು ಈ ಹೋಬಳಿಯಲ್ಲಿ ಇಪ್ಪತ್ತು ಮಂದಿ ಸಣ್ಣ ಹಿಡುವಳಿದಾರರನ್ನು ಆರಿಸಿಕೊಂಡು, ಮೂರು ಮುಂಗಾರುಗಳ ಕಾಲ ಮೇಲೆ ಹೇಳಿದ ಕ್ರಮದಲ್ಲಿ ಪರೀಕ್ಷೆ ನಡೆಸಲಿ. ಬಿತ್ತನೆಯ ವಾರದಲ್ಲಿ ಅಂಗಡಿಯಿಂದಲೇ ಪೊಟ್ಟಣವನ್ನು ಕೊಂಡು ಜೀವಕಣಗಳನ್ನು ಎಣಿಸಲಿ. ಬರಿಯ ಪಟ್ಟಿಯಲ್ಲಿ ಕಡಿಮೆಯಾದ ಕಾಳಿಗೆ ಪೇಟೆಯ ಧಾರಣೆಯಂತೆ ಹಣ ಕೊಡಲಿ. ಗೆದ್ದ ಫಲವನ್ನೂ ಸೋತ ಫಲವನ್ನೂ, ಎಕರೆಗೆ ಎಷ್ಟು ಕ್ವಿಂಟಾಲು, ಎಷ್ಟು ರೂಪಾಯಿ ಖರ್ಚು ಎಂಬ ಲೆಕ್ಕದೊಡನೆ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಹಚ್ಚಲಿ. ಮುಂದಿನ ಮುಂಗಡಪತ್ರದಲ್ಲಿ ಇದಕ್ಕೆ ತೆಗೆದಿಡಬೇಕಾದ ಮೊಬಲಗು ದೊಡ್ಡದೇನೂ ಆಗಲಾರದು.