ನಿಮಗಿದು ಗೊತ್ತೆ? ಹಾಸಿಗೆ ಹಿಡಿದ ಹಿರಿಯರನ್ನು ಎಬ್ಬಿಸಿ ನಡೆಸಿದ ವೈದ್ಯೆ

ಲಂಡನ್ ಹೊರವಲಯದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ 1935ರಲ್ಲಿ ಪಕ್ಕದ ನಿರ್ಗತಿಕರ ಚಿಕಿತ್ಸಾಲಯದ ನೂರಾರು ರೋಗಿಗಳ ಹೊಣೆ ಬಂತು. ಹೆಚ್ಚಿನವರು ವಯಸ್ಸಾದವರು, ವರ್ಷಗಟ್ಟಲೆ ಮಲಗಿದ್ದಲ್ಲೇ ಇದ್ದವರು.

ಡಾ. ಮಾರ್ಜರಿ ವಾರೆನ್ ಒಬ್ಬೊಬ್ಬರನ್ನೇ ಪರೀಕ್ಷಿಸಿ, ಕಾಯಿಲೆಗೆ ತಕ್ಕಂತೆ ವಿಂಗಡಿಸಿದರು. ವಾರ್ಡುಗಳಿಗೆ ಹೊಸ ಬಣ್ಣ, ಒಳ್ಳೆಯ ಬೆಳಕು, ಹಿಡಿದು ನಡೆಯಲು ಕಂಬಿಗಳು ಬಂದವು. ವ್ಯಾಯಾಮ ಶುರುವಾಯಿತು. ಎಷ್ಟೋ ಮಂದಿ ಎದ್ದು ಓಡಾಡಿದರು. ಮನೆಗೆ ಮರಳಿದವರೂ ಉಂಟು. ವೃದ್ಧರ ಆರೈಕೆಗೆ ಪ್ರತ್ಯೇಕ ವೈದ್ಯಕೀಯ ವಿಭಾಗವೇ ಬೇಕೆಂದು ಅವರು ಪಟ್ಟುಹಿಡಿದು ಬರೆದರು.

ಭಾರತದಲ್ಲಿ ಈ ದಾರಿ ತೆರೆದವರು ಡಾ. ವಿ.ಎಸ್. ನಟರಾಜನ್. 1978ರಲ್ಲಿ ಮದ್ರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯರಿಗೆಂದೇ ಹೊರರೋಗಿ ವಿಭಾಗ ಆರಂಭಿಸಿದರು.

ಮರೆವು, ಪದೇ ಪದೇ ಬೀಳುವುದು, ಮೂತ್ರ ತಡೆಯಲಾಗದಿರುವುದು ಕಂಡರೆ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗಬೇಡಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ನುಂಗುವ ಮಾತ್ರೆಗಳ ಅಡ್ಡಪರಿಣಾಮವೂ ಕಾರಣವಿರಬಹುದು, ಇವಕ್ಕೆಲ್ಲ ಪರಿಹಾರವಿದೆ. ವೈದ್ಯರ ಬಳಿ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ. ಬಚ್ಚಲುಮನೆಯ ಗೋಡೆಗೆ ಹಿಡಿಕೆ ಹಾಕಿಸಿ.

ಹಿರಿಯ ನಾಗರಿಕರ ಉಚಿತ ರಾಷ್ಟ್ರೀಯ ಸಹಾಯವಾಣಿ: 14567.